‘ಆಗಲಿಲ್ಲ’ ಎಂಬುದು ‘ಆಗುವುದಿಲ್ಲ’ ಆಗುವ ಬಗೆ

ಮಾನ್ಯ ಸಂಪಾದಕರೇ,

ಪುರುಷರ ನಿಮಿರುವಿಕೆಯ ತೊಂದರೆಗೆ ಕಾರಣ ಹೇಳುವಾಗ ಪತ್ರಿಕೆಗಳ ಆರೋಗ್ಯ ಪುಟಗಳು ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ಎಂದು ಮೂರು ಹೆಸರು ಹೇಳಿ ಸುಮ್ಮನಾಗುತ್ತವೆ. ಪುಟ ತಿರುವಿದರೆ ಸಣ್ಣ ಜಾಹೀರಾತಿನ ಕಾಲಂನಲ್ಲಿ ‘ನರದೌರ್ಬಲ್ಯ, ಧಾತು ನಷ್ಟ, ಗುಪ್ತ ಸಮಸ್ಯೆಗೆ ಖಾತರಿ ಔಷಧ’ ಎಂದು ಒಂದು ಮೊಬೈಲ್ ಸಂಖ್ಯೆ ಇರುತ್ತದೆ. ಒಂದು ರಕ್ತನಾಳದ ಮಾತಾಡುತ್ತದೆ, ಇನ್ನೊಂದು ಹೆದರಿಸುತ್ತದೆ. ಆ ಮನುಷ್ಯ ಎಂಥವನು, ಒಂದು ರಾತ್ರಿ ಸೋತದ್ದನ್ನು ಅವನು ಮನಸ್ಸಿನಲ್ಲಿ ಎಲ್ಲಿ ಇಟ್ಟುಕೊಳ್ಳುತ್ತಾನೆ ಎಂಬುದನ್ನು ಎರಡೂ ಕೇಳುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಈ ಕ್ಷೇತ್ರದಲ್ಲೇ ಕೆಲಸ ಮಾಡುವ ನಾವು ಕೆಲವರು ಸೇರಿ ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ. ಕತ್ತರಿಸುವುದಾದರೆ ದಯವಿಟ್ಟು ಔಷಧದ ಬಗೆಗಿನ ಎಚ್ಚರಿಕೆಯ ಭಾಗವನ್ನು ಕತ್ತರಿಸಬೇಡಿ.

ಮೊದಲು ಮಾತಿನ ವಿಷಯ. ‘ಆಗಲಿಲ್ಲ’ ಎನ್ನುವುದಕ್ಕೂ ‘ಆಗುವುದಿಲ್ಲ’ ಎನ್ನುವುದಕ್ಕೂ ನಮ್ಮ ಭಾಷೆಯಲ್ಲಿ ಕೆಲವೇ ಅಕ್ಷರಗಳ ವ್ಯತ್ಯಾಸ. ‘ಆಗಲಿಲ್ಲ’ ಎಂದರೆ ಆ ರಾತ್ರಿಯ ಸುದ್ದಿ. ‘ಆಗುವುದಿಲ್ಲ’ ಎಂದರೆ ಆ ಮನುಷ್ಯನ ಮೇಲೆ ಕೊಟ್ಟ ತೀರ್ಪು. ದಣಿವು, ಎರಡು ಪೆಗ್ ಹೆಚ್ಚಾದದ್ದು, ಜ್ವರ ಬಿಟ್ಟ ಮರುದಿನ, ಸಾಲದ ನೋಟಿಸು ಬಂದ ವಾರ, ಇಂಥ ಯಾವುದಾದರೊಂದು ಕಾರಣಕ್ಕೆ ‘ಆಗಲಿಲ್ಲ’ ಎಂಬುದು ಹೆಚ್ಚುಕಡಿಮೆ ಎಲ್ಲ ಗಂಡಸರ ಬದುಕಿನಲ್ಲೂ ಬರುತ್ತದೆ. ಅದು ಎಷ್ಟು ಬೇಗ ‘ಆಗುವುದಿಲ್ಲ’ಕ್ಕೆ ಜಾರುತ್ತದೆ ಎಂಬುದನ್ನು ಸ್ವಭಾವ ನಿರ್ಧರಿಸುತ್ತದೆ. ನಾವು ಈ ಪತ್ರದಲ್ಲಿ ಹೇಳಲು ಹೊರಟಿರುವುದು ಇಷ್ಟೇ. ಮೊದಲ ಸೋಲು ಹೆಚ್ಚಾಗಿ ಮೈಯದ್ದು, ಎರಡನೆಯದರಲ್ಲಿ ಮನಸ್ಸಿನ ಪಾಲು ದೊಡ್ಡದು.

ಹೆಸರಿಡುವುದರಲ್ಲೂ ತೊಡಕಿದೆ. ಕನ್ನಡದ ಹಳೆಯ ಪದ ‘ನಪುಂಸಕತ್ವ’ ಬೈಗುಳವೇ ಆಗಿಬಿಟ್ಟಿದೆ. ಇಂಗ್ಲಿಷಿನ ‘ಇಂಪೊಟೆನ್ಸ್’ ಪದವನ್ನೂ ಇದೇ ಕಾರಣಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1992ರಲ್ಲಿ ಕರೆದ ತಜ್ಞರ ಸಭೆ ಕೈಬಿಟ್ಟು, ‘ಇರೆಕ್ಟೈಲ್ ಡಿಸ್‌ಫಂಕ್ಷನ್’ ಎಂಬ ಪದವನ್ನು ಒಪ್ಪಿತು. ಅದರ ಮೊಟಕು ರೂಪ ಇ.ಡಿ. ನಮ್ಮಲ್ಲಿ ಆ ಎರಡಕ್ಷರಕ್ಕೆ ಬೇರೆಯದೇ ಭಯ ಉಂಟು, ಆ ಮಾತು ಬಿಡಿ. ಮಲಯಾಳದಲ್ಲಿ ಇದಕ್ಕೆ ‘ಉದ್ಧಾರಣಕ್ಕುರವ್’ ಎನ್ನುತ್ತಾರೆ. ಬದಿಯಡ್ಕದಲ್ಲೋ ಪೆರ್ಲದಲ್ಲೋ ಕನ್ನಡ ಶಾಲೆಯಲ್ಲಿ ಕಲಿತವನಿಗೆ ಅದು ‘ಉದ್ಧಾರವಾಗಲಾರೆ’ ಎಂದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ತೊಂದರೆಯನ್ನು ಹೇಳಿಕೊಳ್ಳಲು ಸಭ್ಯ ಪದವೇ ಇಲ್ಲದವನು ಅದನ್ನು ಒಳಗೇ ಇಟ್ಟುಕೊಳ್ಳುತ್ತಾನೆ. ‘ನಿಮಿರುವಿಕೆಯ ತೊಂದರೆ’ ಎಂಬ ಸರಳ ಪದವನ್ನೇ ಪತ್ರಿಕೆಗಳು ಬಳಸಿದರೆ ಒಳ್ಳೆಯದು.

ಮನಸ್ಸು ಮೈಯನ್ನು ತಡೆಯುತ್ತದೆ ಎನ್ನುವಾಗ ಅದನ್ನು ವೇದಾಂತದ ಮಾತೆಂದು ತಿಳಿಯಬೇಡಿ. ನಿಮಿರುವಿಕೆ ಎಂದರೆ ಸ್ನಾಯು ಬಿಗಿಯುವುದಲ್ಲ, ಸಡಿಲವಾಗುವುದು. ಬೆನ್ನುಹುರಿಯ ಕೆಳತುದಿಯಿಂದ ಬರುವ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಶಿಶ್ನದ ಒಳಗಿನ ಸ್ಪಂಜಿನಂಥ ಭಾಗದ ಸ್ನಾಯು ಸಡಿಲಗೊಂಡು ರಕ್ತ ತುಂಬುತ್ತದೆ. ತುಂಬಿದ ಭಾಗವೇ ಹೊರಗೆ ಹೋಗುವ ಸಿರೆಗಳನ್ನು ಒತ್ತಿಹಿಡಿದು ರಕ್ತ ಇಳಿಯದಂತೆ ನೋಡಿಕೊಳ್ಳುತ್ತದೆ. ಹೆದರಿದಾಗ ಏರುವ ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳು ಇದೇ ಸ್ನಾಯುವನ್ನು ಬಿಗಿಗೊಳಿಸುತ್ತವೆ. ರಕ್ತ ಇಳಿದುಹೋಗುತ್ತದೆ. ನಾಲ್ಕು ಗಂಟೆ ಮೀರಿದರೂ ಇಳಿಯದ ನೋವಿನ ನಿಮಿರುವಿಕೆಗೆ ತುರ್ತು ವಿಭಾಗದಲ್ಲಿ ಕೊಡುವ ಚುಚ್ಚುಮದ್ದು ಫೀನೈಲ್‌ಎಫ್ರಿನ್, ಅಡ್ರಿನಲಿನ್‌ನ ಹತ್ತಿರದ ನೆಂಟ. ವೈದ್ಯರು ಸೂಜಿಯಲ್ಲಿ ಮಾಡುವ ಕೆಲಸವನ್ನೇ ಭಯ ಸೂಜಿಯಿಲ್ಲದೆ ಮಾಡುತ್ತದೆ. ಹುಲಿ ಬೆನ್ನಟ್ಟಿದಾಗ ಮೈ ಈ ಕೆಲಸವನ್ನು ಬದಿಗಿಡುವುದು ಪ್ರಕೃತಿಯ ದೃಷ್ಟಿಯಲ್ಲಿ ಸರಿಯೇ. ಕೋಣೆಯಲ್ಲಿ ಹುಲಿಯಿಲ್ಲ, ಇರುವುದು ‘ಇವತ್ತೂ ಹಾಗೇ ಆದರೆ?’ ಎಂಬ ಯೋಚನೆ. ಮೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗೆಂದು ‘ಟೆನ್ಶನ್ ಮಾಡಬೇಡಿ, ಎಲ್ಲ ಸರಿಯಾಗುತ್ತದೆ’ ಎಂಬ ಉಪದೇಶ ಸಾಕಾಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಾರ್ಲೋ ಮತ್ತು ಜೊತೆಗಾರರು ಪ್ರಯೋಗಾಲಯದಲ್ಲಿ ಕಂಡದ್ದು ಕುತೂಹಲದ್ದು. ತೊಂದರೆಯಿಲ್ಲದ ಗಂಡಸರಿಗೆ ‘ಸಣ್ಣ ಕರೆಂಟ್ ಶಾಕ್ ಕೊಡುತ್ತೇವೆ’ ಎಂದು ಹೆದರಿಸಿದಾಗ ಅವರ ಉದ್ರೇಕ ಕಡಿಮೆಯಾಗಲಿಲ್ಲ, ಹೆಚ್ಚಿದ್ದೂ ಉಂಟು. ಗಮನ ಬೇರೆಡೆ ಸೆಳೆದಾಗ ಮಾತ್ರ ಇಳಿಯಿತು. ತೊಂದರೆಯಿರುವವರಲ್ಲಿ ಇದು ತಲೆಕೆಳಗು. ಅಪೇಕ್ಷೆಯ ಒತ್ತಡ ಬಿದ್ದಾಗ ಇಳಿಯಿತು, ಗಮನ ಬೇರೆಡೆ ಹೋದಾಗ ಅಂಥ ನಷ್ಟವೇನೂ ಆಗಲಿಲ್ಲ. ಏಕೆಂದರೆ ಅವರ ಗಮನ ಮೊದಲೇ ಸುಖದ ಮೇಲಿರಲಿಲ್ಲ, ತಮ್ಮನ್ನು ತಾವೇ ಪರೀಕ್ಷಿಸುವುದರಲ್ಲಿ ಇತ್ತು. ಆತಂಕ ಒಂದೇ, ಅದು ಎತ್ತ ನೋಡುತ್ತದೆ ಎಂಬುದರಲ್ಲಿ ವ್ಯತ್ಯಾಸ. ಇದಕ್ಕೂ ಮೊದಲು, 1970ರಲ್ಲೇ, ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಇದನ್ನು ಪ್ರೇಕ್ಷಕನ ಪಾತ್ರ ಎಂದು ಕರೆದಿದ್ದರು. ಯಕ್ಷಗಾನದ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ವೇಷ ಕಟ್ಟಿ ರಂಗಕ್ಕೆ ಹೋದವನು ಕುಣಿಯುತ್ತಲೇ ಎದುರಿನ ಕುರ್ಚಿಯಲ್ಲಿ ಕುಳಿತು ತನ್ನನ್ನು ನೋಡಹೊರಟರೆ ತಾಳ ತಪ್ಪದೆ ಇರುತ್ತದೆಯೇ?

ಸ್ವಭಾವ ಎಲ್ಲಿ ಬಂತು ಎಂದರೆ ಇಲ್ಲಿಯೇ. ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಕಿನ್ಸೆ ಸಂಸ್ಥೆಯ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ 2000ದ ಹೊತ್ತಿಗೆ ಮುಂದಿಟ್ಟ ವಿವರಣೆಯ ಪ್ರಕಾರ ಪ್ರತಿಯೊಬ್ಬನಲ್ಲೂ ಒಂದು ಆಕ್ಸಿಲರೇಟರ್, ಎರಡು ಬ್ರೇಕ್ ಇರುತ್ತವೆ. ಒಂದು ಬ್ರೇಕ್ ‘ಸೋತರೆ ಏನು’ ಎಂಬುದಕ್ಕೆ ಬೀಳುತ್ತದೆ. ಇನ್ನೊಂದು ‘ಇದರಿಂದ ಏನಾದರೂ ಕೆಡುಕಾದರೆ’ ಎಂಬುದಕ್ಕೆ, ಅಂದರೆ ಯಾರಾದರೂ ಕೇಳಿಸಿಕೊಂಡರೆ, ರೋಗ ತಗಲಿದರೆ, ಬೇಡದ ಗರ್ಭ ನಿಂತರೆ ಎಂಬಂಥ ಅಂಜಿಕೆಗೆ. ಇವು ಎಷ್ಟು ಸೂಕ್ಷ್ಮ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಬಹುಮಟ್ಟಿಗೆ ಸ್ಥಿರ. ನಿಮಿರುವಿಕೆಯ ತೊಂದರೆಯವರಲ್ಲಿ ಮೊದಲನೆಯ ಬ್ರೇಕ್ ಬಹಳ ಸೂಕ್ಷ್ಮವಾಗಿರುವುದು ಕಂಡುಬಂದಿದೆ. ಲೇಹ್ಯ, ಭಸ್ಮ, ‘ಪವರ್’ ಕ್ಯಾಪ್ಸೂಲು ಮಾರುವವರು ಎಲ್ಲರಿಗೂ ಆಕ್ಸಿಲರೇಟರನ್ನೇ ಮಾರುತ್ತಾರೆ. ಬ್ರೇಕ್ ಹಿಡಿದುಕೊಂಡ ಸ್ಕೂಟರಿಗೆ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನು ಕಾಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ವ್ಯಕ್ತಿತ್ವವನ್ನು ಅಳೆಯುವ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವುದು ಚಿಂತೆಯ ಸ್ವಭಾವ, ಮನಶ್ಶಾಸ್ತ್ರದವರು ನ್ಯೂರೋಟಿಸಿಸಂ ಎನ್ನುವುದು. ಇದು ಕಾಯಿಲೆಯಲ್ಲ. ಅಡಿಕೆಗೆ ಕೊಳೆರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿಸುವವನು, ಬಸ್ಸಿಗೆ ಅರ್ಧ ಗಂಟೆ ಮೊದಲೇ ಬಂದು ನಿಲ್ಲುವವನು ಹೆಚ್ಚಾಗಿ ಇಂಥವನೇ. ತೋಟದಲ್ಲಿ ಲಾಭ ತರುವ ಆ ಗುಣ ಮಲಗುವ ಕೋಣೆಯಲ್ಲಿ ಕೈಕೊಡುತ್ತದೆ. ಅವನು ಒಂದು ಸೋಲನ್ನು ಹತ್ತು ಸಲ ಮನಸ್ಸಿನಲ್ಲಿ ಓಡಿಸಿ ನೋಡುತ್ತಾನೆ. ಬೆಳಗ್ಗೆ ಎದ್ದ ಕೂಡಲೇ ‘ಇದೆಯೇ ಇಲ್ಲವೇ’ ಎಂದು ಪರೀಕ್ಷಿಸುತ್ತಾನೆ, ಮೊಬೈಲಿನಲ್ಲಿ ಹುಡುಕುತ್ತಾನೆ. ಹುಡುಕಿದಷ್ಟೂ ಹೊಸ ಹೊಸ ಕಾರಣ ಸಿಗುತ್ತದೆ. ಎಲ್ಲವೂ ಕರಾರುವಾಕ್ಕಾಗಿ ನಡೆಯಬೇಕು ಎನ್ನುವವನೂ ಇವನ ದಾಯಾದಿಯೇ. ಅವನಿಗೆ ‘ಮುಕ್ಕಾಲು ಪಾಲು ಸರಿಯಿತ್ತು’ ಎಂಬುದು ಇಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ನಿಮಿರುವಿಕೆ ಒಂದೇ ಸಲದಲ್ಲಿ ಏರಿ ಇಳಿದು ಮತ್ತೆ ಏರುವುದು ಸಹಜ ಎಂದು ಯಾರೂ ಅವನಿಗೆ ಹೇಳಿರುವುದಿಲ್ಲ. ಮೊದಲ ಇಳಿತದಲ್ಲೇ ಅವನು ಕೈಚೆಲ್ಲುತ್ತಾನೆ.

ನಮಗೆ ಹೆಚ್ಚು ಯೋಚಿಸುವಂತೆ ಮಾಡಿದ್ದು ಬೇರೊಂದು ಸ್ವಭಾವ. ಅಮೆರಿಕದ ಬಾಸ್ಟನ್ ಸುತ್ತಮುತ್ತ 40ರಿಂದ 70 ವರ್ಷದ ಗಂಡಸರನ್ನು 1987ರಿಂದ 89ರ ಅವಧಿಯಲ್ಲಿ ಮಾತಾಡಿಸಿ, 90ರ ದಶಕದ ನಡುವೆ ಮತ್ತೆ ನೋಡಿದ ಮ್ಯಾಸಚೂಸೆಟ್ಸ್ ಅಧ್ಯಯನ ಇದೆ. ಅವರಲ್ಲಿ ಶೇ. 52 ಮಂದಿಗೆ ಒಂದಲ್ಲ ಒಂದು ಮಟ್ಟದ ತೊಂದರೆ ಇತ್ತು ಎಂಬ ಅಂಕಿ ಎಲ್ಲ ಕಡೆ ಉದ್ಧರಣೆಯಾಗುತ್ತದೆ. ಅದೇ ಅಧ್ಯಯನದ ಇನ್ನೊಂದು ಮಾತು ಯಾರ ಕಿವಿಗೂ ಬಿದ್ದಿಲ್ಲ. ಮೊದಲು ಸರಿಯಾಗಿದ್ದು ಅನಂತರದ ವರ್ಷಗಳಲ್ಲಿ ಹೊಸದಾಗಿ ತೊಂದರೆಗೆ ಒಳಗಾದವರಲ್ಲಿ ತಗ್ಗಿ ನಡೆಯುವ, ತನಗೆ ಬೇಕಾದ್ದನ್ನು ಒತ್ತಿ ಹೇಳದ ಸ್ವಭಾವದವರು ಹೆಚ್ಚು. ಖಿನ್ನತೆಯ ಲಕ್ಷಣಗಳು, ಸಿಟ್ಟು ಇವು ಮೊದಲ ಸುತ್ತಿನಲ್ಲಿ ತೊಂದರೆಯ ಜೊತೆಗೆ ಕಂಡಿದ್ದರೂ ಮುಂದಾಗುವುದನ್ನು ಸೂಚಿಸಿದ್ದು ಈ ಗುಣ. ಅಮೆರಿಕದ ಲೆಕ್ಕವನ್ನು ಮಂಜೇಶ್ವರಕ್ಕೆ ಹಾಗೆಯೇ ತಂದು ಹಾಕುವುದು ಸರಿಯಲ್ಲ. ಆದರೆ ‘ಪಾಪದ ಮನುಷ್ಯ, ಒಂದು ಮಾತೂ ಎದುರಾಡುವುದಿಲ್ಲ’ ಎಂದು ಊರು ಹೊಗಳುವವನ ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ ಎಂಬುದಂತೂ ಇಲ್ಲಿಯೂ ನಿಜ.

ತನಗೆ ಏನು ಅನಿಸುತ್ತಿದೆ ಎಂದು ಹೆಸರಿಸಲು ಬಾರದವರೂ ಇದ್ದಾರೆ. ಬೇಸರವೆಂದು ಹೇಳುವ ಬದಲು ಗ್ಯಾಸು, ಬೆನ್ನುನೋವು, ತಲೆಭಾರ ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದಕ್ಕೆ ಅಲೆಕ್ಸಿಥೈಮಿಯಾ ಎಂದು ಹೆಸರು. ಇಂಥವರಲ್ಲಿ ಹೆಂಡತಿಯ ಜೊತೆಗಿನ ಮುನಿಸು ಮಾತಿಗೆ ಬರುವ ಬದಲು ಮೈಯಲ್ಲಿ ಕುಳಿತುಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ತಡೆ ಹಾಕಬೇಕು. ಇವುಗಳಲ್ಲಿ ಹೆಚ್ಚಿನವು ಒಟ್ಟಿಗೆ ಕಾಣುವ ಸಂಗತಿಗಳು, ಒಂದು ಇನ್ನೊಂದಕ್ಕೆ ಕಾರಣ ಎಂಬ ಸಾಕ್ಷಿ ಯಾವಾಗಲೂ ಇಲ್ಲ. ಎರಡು ವರ್ಷ ತೊಂದರೆ ಅನುಭವಿಸಿದವನು ಚಿಂತೆಯವನಾಗುವುದೂ ಉಂಟು. ‘ನಿನ್ನ ಸ್ವಭಾವವೇ ಹಾಗೆ’ ಎಂದು ಯಾರಾದರೂ ತಲೆಯ ಮೇಲೆ ಕೂರಿಸಿದರೆ ಅದೂ ‘ಆಗುವುದಿಲ್ಲ’ದ ಇನ್ನೊಂದು ರೂಪವೇ.

ಮಾತಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ 2003ರಲ್ಲಿ ಇಟಲಿಯಿಂದ ಬಂದ ಅಧ್ಯಯನವೊಂದನ್ನು ನೋಡಿ. ಹೊಸದಾಗಿ ಹೃದ್ರೋಗ ಪತ್ತೆಯಾದ, ನಿಮಿರುವಿಕೆಯ ತೊಂದರೆಯಿಲ್ಲದ 96 ಮಂದಿಗೆ ಬಿಪಿಗೂ ಹೃದಯಕ್ಕೂ ಕೊಡುವ ಅಟೆನೊಲಾಲ್ ಮಾತ್ರೆ ಕೊಟ್ಟರು, 32 ಜನರ ಮೂರು ಗುಂಪು. ಯಾವ ಮಾತ್ರೆ ಎಂದೇ ಗೊತ್ತಿಲ್ಲದ ಗುಂಪಿನಲ್ಲಿ ತೊಂದರೆ ಕಾಣಿಸಿದ್ದು ಒಬ್ಬನಿಗೆ. ಮಾತ್ರೆಯ ಹೆಸರು ಮಾತ್ರ ಗೊತ್ತಿದ್ದವರಲ್ಲಿ ಐವರಿಗೆ. ‘ಇದರಿಂದ ನಿಮಿರುವಿಕೆಗೆ ತೊಂದರೆ ಆಗಬಹುದು, ಹಾಗೆ ಆಗುವುದು ಅಪರೂಪ’ ಎಂದು ತಿಳಿಸಿದ್ದವರಲ್ಲಿ ಹತ್ತು ಮಂದಿಗೆ. ಅದೇ ಮಾತ್ರೆ, ಅದೇ ಪ್ರಮಾಣ. ತೊಂದರೆ ಆದವರಿಗೆ ಅನಂತರ ಕೊಟ್ಟ ಹುಸಿ ಮಾತ್ರೆಯೂ ನಿಮಿರುವಿಕೆಗೆಂದೇ ಇರುವ ಸಿಲ್ಡೆನಾಫಿಲ್‌ನಷ್ಟೇ ಕೆಲಸ ಮಾಡಿತು. ಬಿಪಿ ಮಾತ್ರೆಯಿಂದ ಗಂಡಸುತನ ಹೋಗುತ್ತದೆ ಎಂದು ಬಸ್‌ಸ್ಟ್ಯಾಂಡಿನ ಮಾತು ಕೇಳಿ ಮಾತ್ರೆ ಬಿಟ್ಟವರು ಇದನ್ನು ಓದಬೇಕು. ಬಿಪಿ ಮಾತ್ರೆಗಳಲ್ಲಿ ಕೆಲವು, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನವು, ತೀವ್ರ ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್‌ನಂಥವು ನಿಜವಾಗಿಯೂ ತೊಂದರೆ ಕೊಡಬಲ್ಲವು. ಕೊಟ್ಟರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಬಹುದು. ತಾನೇ ನಿಲ್ಲಿಸಿದರೆ ಬಿಪಿ ಏರಿ, ಖಿನ್ನತೆ ಮರುಕಳಿಸಿ ತೊಂದರೆ ಇಮ್ಮಡಿಯಾಗುತ್ತದೆ.

‘ಎಲ್ಲ ಮನಸ್ಸಿನದೇ’ ಎಂದು ಪರೀಕ್ಷೆ ತಪ್ಪಿಸುವುದೂ ಅಷ್ಟೇ ಅಪಾಯ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ, ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟಿಕೊಳ್ಳುವ ಕಾಯಿಲೆ ಸಣ್ಣ ಕೊಳವೆಯಲ್ಲಿ ಮೊದಲು ಕಾಣಿಸುತ್ತದೆ, ಎದೆನೋವು ಬರುವುದಕ್ಕೆ ಕೆಲವು ವರ್ಷ ಮೊದಲೇ. ಸಕ್ಕರೆ ಕಾಯಿಲೆಯವರಲ್ಲಿ ಉಳಿದವರಿಗಿಂತ ಹತ್ತು ವರ್ಷವಾದರೂ ಬೇಗ ಬರುತ್ತದೆ. ಆದ್ದರಿಂದ ವಯಸ್ಸು ಎಷ್ಟೇ ಇರಲಿ ಬಿಪಿ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಆಸೆಯೇ ಕಡಿಮೆಯಾಗಿದ್ದರೆ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ನೋಡಬೇಕು. ಅದಕ್ಕೆ ರಕ್ತವನ್ನು ಬೆಳಗ್ಗೆ 11ರ ಒಳಗೆ ತೆಗೆಯಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಸಂಜೆ ಸಹಜವಾಗಿಯೇ ಇಳಿಯುತ್ತದೆ. ಸಂಜೆಯ ಒಂದೇ ಚೀಟಿ ಹಿಡಿದು ‘ಹಾರ್ಮೋನು ಹೋಯಿತು’ ಎಂದು ಇಂಜೆಕ್ಷನ್ ಸುರುಮಾಡಿದರೆ ಸ್ವಂತ ಉತ್ಪತ್ತಿಯೂ ವೀರ್ಯಾಣುವೂ ಕುಗ್ಗುತ್ತದೆ. ಮಕ್ಕಳಾಗಬೇಕೆಂದಿರುವವನಿಗೆ ಇದಕ್ಕಿಂತ ತಪ್ಪು ಮದ್ದು ಇಲ್ಲ.

ಮೈಯದೋ ಮನಸ್ಸಿನದೋ ಎಂದು ಅಂದಾಜು ಮಾಡಲು ವೈದ್ಯರು ಕೇಳುವ ಪ್ರಶ್ನೆಗಳು ಸರಳ. ಒಮ್ಮೆಗೇ ಸುರುವಾಯಿತೇ, ನಿಧಾನಕ್ಕೆ ಕುಗ್ಗಿತೇ? ಒಬ್ಬನೇ ಇದ್ದಾಗ ಸರಿಯಿದೆಯೇ? ನಿದ್ರೆಯಲ್ಲಿ, ಮುಂಜಾನೆ ಆಗುತ್ತದೆಯೇ? ಆರೋಗ್ಯವಂತನಿಗೆ ಕನಸಿನ ನಿದ್ರೆಯ ಹೊತ್ತಿನಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ಆಗುತ್ತದೆ. ಆಗುತ್ತಿದ್ದರೆ ರಕ್ತನಾಳ, ನರ ಬಹುಮಟ್ಟಿಗೆ ಸರಿಯಿವೆ. ಆಗದಿದ್ದರೆ ಮೈಯ ಕಾಯಿಲೆಯೇ ಎಂದು ಹೇಳುವಂತಿಲ್ಲ, ಖಿನ್ನತೆಯಲ್ಲೂ ಗೊರಕೆ ಹೊಡೆದು ಉಸಿರು ಕಟ್ಟುವವರಲ್ಲೂ ಇದು ಕಡಿಮೆಯಾಗುತ್ತದೆ. ಐವತ್ತು ದಾಟಿದವರಲ್ಲಿ ಹೆಚ್ಚಾಗಿ ಎರಡೂ ಬೆರೆತಿರುತ್ತವೆ. ಸಕ್ಕರೆಯಿಂದ ಕಾಲು ಪಾಲು ಕುಗ್ಗಿತು, ಅದನ್ನು ಕಂಡು ಹೆದರಿ ಉಳಿದ ಮುಕ್ಕಾಲೂ ಹೋಯಿತು ಎಂಬಂತೆ. ಎರಡು ಸಲ ಆಗದಿದ್ದರೆ ಅದು ರೋಗವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮಾನದಂಡದ ಪ್ರಕಾರ ಆರು ತಿಂಗಳಾದರೂ, ನಾಲ್ಕರಲ್ಲಿ ಮೂರು ಸಲವಾದರೂ ತೊಂದರೆಯಾಗಬೇಕು. ಅದರಿಂದ ಮನಸ್ಸಿಗೆ ಕಷ್ಟವಾಗುತ್ತಿರಬೇಕು. ಚಿಕಿತ್ಸಾಲಯಗಳಲ್ಲಿ ಬಳಸುವ ಐದು ಪ್ರಶ್ನೆಗಳ ಹಾಳೆಯೂ ಉಂಟು. 25ಕ್ಕೆ 22 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ಇಲ್ಲ, 7 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ಅದರ ಮೊಟ್ಟಮೊದಲ ಪ್ರಶ್ನೆ ಏನು ಗೊತ್ತೇ? ‘ನಿಮಿರುವಿಕೆ ಬಂದು ಉಳಿಯುತ್ತದೆ ಎಂಬ ಭರವಸೆ ನಿಮಗೆ ಎಷ್ಟಿದೆ?’ ಗಟ್ಟಿತನ, ಹೊತ್ತು ಎಲ್ಲ ಆಮೇಲೆ.

ಬ್ರೇಕ್ ಬೀಳಲು ನಮ್ಮ ಕಡೆ ಸಿಗುವ ಸಂದರ್ಭಗಳು ಕೆಲವು ವಿಶೇಷ. ಗಲ್ಫಿನಿಂದ ಮೂವತ್ತೋ ನಲವತ್ತೈದೋ ದಿನದ ರಜೆಗೆ ಬರುವವನಿಗೆ ಒಂದೊಂದು ರಾತ್ರಿಗೂ ಲೆಕ್ಕ. ಎರಡು ವರ್ಷ ಫೋನಿನಲ್ಲೇ ಇದ್ದ ಸಂಬಂಧ ಮೊದಲ ವಾರದಲ್ಲೇ ಹಳೆಯ ಸಲಿಗೆಗೆ ಬರಬೇಕು, ಅದರ ನಡುವೆ ಮದುವೆಮನೆ, ಬ್ಯಾಂಕು, ಮನೆ ಕಟ್ಟುವ ಮೇಸ್ತ್ರಿ. ಮದುವೆಯಾಗಿ ಆರು ತಿಂಗಳಾದವನಿಗೆ ‘ಏನಾದರೂ ವಿಶೇಷ ಉಂಟಾ?’ ಎಂದು ಕೇಳದ ಚಿಕ್ಕಮ್ಮ ಯಾರಿದ್ದಾರೆ? ಮಗು ಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಗಳಲ್ಲೇ ತೊಂದರೆ, ಉಳಿದ ದಿನ ಸರಿ ಎಂಬುದು ಪಾಠದಂಥ ಉದಾಹರಣೆ. ಹಲಗೆಯ ಅಟ್ಟದ ಹಳೆ ಮನೆ, ಗೋಡೆಯಾಚೆ ಅತ್ತೆಮಾವ, ಕಿರುಗುಟ್ಟುವ ಮಂಚ, ಇವು ಎರಡನೆಯ ಬ್ರೇಕಿಗೆ ಸಾಕು. ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಕಿಕೊಳ್ಳಿ ಎಂಬುದು ನಗೆ ತರಿಸುವ ಸಲಹೆ, ಆದರೆ ಕೆಲಸ ಮಾಡುತ್ತದೆ.

ತಪ್ಪಿಸಿಕೊಳ್ಳುವ ಉಪಾಯಗಳನ್ನೂ ಗುರುತಿಸಬೇಕು, ಏಕೆಂದರೆ ತೊಂದರೆಯನ್ನು ಉಳಿಸುವುದು ಅವೇ. ಹೆಂಡತಿ ಮಲಗುವ ತನಕ ಜಗಲಿಯಲ್ಲಿ ಮೊಬೈಲು ನೋಡುವುದು, ಊಟದ ಹೊತ್ತಿಗೆ ಸುಮ್ಮಸುಮ್ಮನೆ ಜಗಳ ತೆಗೆಯುವುದು, ಮಗುವನ್ನು ನಡುವೆ ಮಲಗಿಸುವುದು. ಆ ರಾತ್ರಿಗೆ ನೆಮ್ಮದಿ, ಭಯ ಮಾತ್ರ ಒಂದು ಗೇಣು ಬೆಳೆಯುತ್ತದೆ. ಆಕೆಯೋ, ತಾನು ಬೇಡವಾದೆನೇ, ಬೇರೆ ಯಾರಾದರೂ ಇದ್ದಾರೆಯೇ ಎಂದು ಯೋಚಿಸುತ್ತಿರುತ್ತಾಳೆ.

ಚಿಕಿತ್ಸೆಯ ಬಗ್ಗೆ. ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ ಇಂದಿಗೂ ಮುಖ್ಯ ಸಾಧನ. ಅದರ ಜೀವಾಳ ಮೊದಲ ನಿಯಮದಲ್ಲಿದೆ. ಕೆಲವು ವಾರ ಸಂಭೋಗಕ್ಕೆ ಇಬ್ಬರೂ ಒಪ್ಪಿ ರಜೆ ಕೊಡಬೇಕು. ಪರೀಕ್ಷೆಯೇ ರದ್ದಾದ ಮೇಲೆ ಫೇಲಾಗುವುದು ಹೇಗೆ? ವಾರಕ್ಕೆ ಎರಡು ಮೂರು ಸಲ, ಅರ್ಧ ಗಂಟೆ, ದಣಿದು ಮಲಗುವ ಹೊತ್ತಿಗಲ್ಲ, ಮನೆಯಲ್ಲಿ ಸದ್ದಿಲ್ಲದ ಹೊತ್ತಿಗೆ. ಮೊದಲು ಎದೆ, ಜನನಾಂಗ ಬಿಟ್ಟು ಉಳಿದ ಮೈಯನ್ನು ಸರದಿಯಲ್ಲಿ ಮುಟ್ಟುವುದು. ಇನ್ನೊಬ್ಬರನ್ನು ಖುಷಿಪಡಿಸುವ ಜವಾಬ್ದಾರಿ ಇಲ್ಲ, ಕೈಗೆ ಬಿಸಿಯೋ ತಂಪೋ, ನಯವೋ ಒರಟೋ ಎಂದು ಗಮನಿಸುವುದಷ್ಟೇ ಕೆಲಸ. ಒಂದೆರಡು ವಾರ ಕಳೆದ ಮೇಲೆ ಬಿಟ್ಟ ಭಾಗಗಳನ್ನೂ ಸೇರಿಸಿಕೊಳ್ಳಬಹುದು, ನಿಮಿರುವಿಕೆಯ ಗುರಿ ಇಲ್ಲದೆ.

ಅನಂತರದ ಹೆಜ್ಜೆ ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ನಿಮಿರುವಿಕೆ ಬಂದಾಗ ಬೇಕೆಂದೇ ಕೈ ತೆಗೆದು, ಎರಡು ಮೂರು ನಿಮಿಷ ಮಾತಾಡುತ್ತ ಅದು ಪೂರ್ತಿ ಇಳಿಯಲು ಬಿಡಬೇಕು. ಮತ್ತೆ ಸುರುಮಾಡಬೇಕು. ಒಂದೇ ಸಲ ಕುಳಿತಾಗ ಎರಡು ಮೂರು ಬಾರಿ ಹೀಗೆ. ಇಳಿದದ್ದು ಮತ್ತೆ ಏರುತ್ತದೆ ಎಂದು ವೈದ್ಯರು ನೂರು ಸಲ ಹೇಳಿದರೂ ನಂಬದ ಚಿಂತೆಯ ಮನುಷ್ಯ ಇಲ್ಲಿ ಕಣ್ಣಾರೆ ಕಂಡು ನಂಬುತ್ತಾನೆ. ಇದು ನೆಲೆನಿಂತ ಮೇಲೆ ಅಲುಗಾಟವಿಲ್ಲದೆ ಒಳಗೆ ಇರುವುದು, ಆಮೇಲೆ ನಿಧಾನದ ಚಲನೆ.

ಎಲ್ಲಿ ಕೆಡುತ್ತದೆ ಎಂಬುದೂ ಸ್ವಭಾವಕ್ಕೆ ತಕ್ಕಂತೆ. ಸ್ವಲ್ಪ ಸರಿಕಂಡ ಕೂಡಲೇ ‘ನೋಡಿಯೇ ಬಿಡುವ’ ಎಂದು ರಜೆಯ ನಿಯಮ ಮುರಿಯುವುದು ಸಾಮಾನ್ಯ ತಪ್ಪು. ಆ ರಾತ್ರಿ ಆದರೂ ನಷ್ಟವೇ, ಯಾಕೆಂದರೆ ಪರೀಕ್ಷೆ ವಾಪಸು ಬಂತು. ಕರಾರುವಾಕ್ಕಿನ ಮನುಷ್ಯ ಅಭ್ಯಾಸವನ್ನೇ ಟೈಮ್‌ಟೇಬಲ್ ಮಾಡಿಕೊಂಡು ಗಡಿಯಾರ ನೋಡುತ್ತಾನೆ. ಅವನ ಕೋಣೆಯಿಂದ ಗಡಿಯಾರ, ಫೋನು ಹೊರಗಿಡಬೇಕು. ತಗ್ಗಿ ನಡೆಯುವವನು ಏನು ಮಾಡಿದರೂ ‘ಸರಿ’ ಎನ್ನುತ್ತಾನೆ. ಅವನಿಗೆ ಕೊಡುವ ಮನೆಪಾಠ ಬೇರೆ. ಅರ್ಧ ಗಂಟೆಯಲ್ಲಿ ಮೂರು ಸಲವಾದರೂ ‘ಇಲ್ಲಿ ಬೇಡ’, ‘ಸ್ವಲ್ಪ ಮೆಲ್ಲ’, ‘ಇದು ಹಿತವಾಗುತ್ತದೆ’ ಎಂಬಂಥ ಒಂದು ವಾಕ್ಯ ಹೇಳಲೇಬೇಕು. ಹೆಂಡತಿಗೆ ವಿವರಿಸದೆ ಗಂಡನೊಬ್ಬನೇ ಸುರುಮಾಡಿದ ಅಭ್ಯಾಸ ನಿಲ್ಲುವುದು ಕಷ್ಟ. ಧೈರ್ಯಕ್ಕೆಂದು ಹಾಕುವ ಪೆಗ್ ನರದ ಸಂದೇಶವನ್ನೇ ಮಂದಮಾಡುತ್ತದೆ, ಹೊಗೆಸೊಪ್ಪು ರಕ್ತನಾಳವನ್ನು ಬಿಗಿಯುತ್ತದೆ.

ಜೊತೆಗೆ ಒಂದು ಸಣ್ಣ ಪುಸ್ತಕ ಇಡಲಿ. ದಿನಾಂಕ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ರೆ, ಕುಡಿದಿತ್ತೇ, ಆ ಹೊತ್ತಿಗೆ ತಲೆಯಲ್ಲಿ ಓಡಿದ ವಾಕ್ಯ ಯಾವುದು ಎಂದು ಬರೆಯುವುದು. ‘ನನ್ನಿಂದ ಆಗುವುದಿಲ್ಲ’ ಎಂದು ಬರೆದಿದ್ದರೆ ಅದರ ಕೆಳಗೆ ‘ಬುಧವಾರ ಆಗಲಿಲ್ಲ, ನಾಲ್ಕು ಗಂಟೆ ನಿದ್ರೆ’ ಎಂದು ತಿದ್ದಿ ಬರೆಯುವುದು. ಇಡೀ ಚಿಕಿತ್ಸೆಗೆ ವಾರಕ್ಕೊಮ್ಮೆಯಂತೆ ಎಂಟರಿಂದ ಹನ್ನೆರಡು ಭೇಟಿ ಸಾಮಾನ್ಯ. ಬೊಜ್ಜು, ಬಿಪಿ ಇದ್ದವರಿಗೆ ವಾರದಲ್ಲಿ ನಾಲ್ಕು ದಿನ, ದಿನಕ್ಕೆ 40 ನಿಮಿಷ ಬೆವರು ಬರುವಂಥ ವ್ಯಾಯಾಮವನ್ನು ಆರು ತಿಂಗಳು ಮಾಡುವುದು ಸಹಾಯ ಮಾಡುತ್ತದೆ.

ಮಾತ್ರೆ ಬೇಡವೆಂದು ನಾವು ಹೇಳುವುದಿಲ್ಲ. 1998ರಲ್ಲಿ ಬಂದ ಸಿಲ್ಡೆನಾಫಿಲ್ ಆಗಲಿ, ಅನಂತರದ ಟಡಲಾಫಿಲ್ ಆಗಲಿ ಸಮಾಲೋಚನೆಯ ಜೊತೆಗೆ ಕೊಟ್ಟರೆ ಊರುಗೋಲಿನಂತೆ ನೆರವಾಗುತ್ತವೆ. ತಪ್ಪು ಬಳಕೆಯೇ ಹೆಚ್ಚು. ಸಿಲ್ಡೆನಾಫಿಲ್ ಒಂದು ಗಂಟೆ ಮೊದಲು, ಹೊಟ್ಟೆ ಹಗುರವಿರುವಾಗ ತೆಗೆದುಕೊಳ್ಳಬೇಕು. ಬಿರಿಯಾನಿ ತಿಂದು ನುಂಗಿದರೆ ರಕ್ತಕ್ಕೆ ಸೇರುವುದು ಸುಮಾರು ಇನ್ನೊಂದು ಗಂಟೆ ತಡ. ಆಸೆ, ಸ್ಪರ್ಶ ಇಲ್ಲದೆ ಇದು ಕೆಲಸ ಮಾಡುವುದಿಲ್ಲ, ಗಡಿಯಾರ ನೋಡುತ್ತ ಕುಳಿತರೆ ಬ್ರೇಕೇ ಗೆಲ್ಲುತ್ತದೆ. ಒಂದು ಸಲಕ್ಕೆ ಆಗಲಿಲ್ಲವೆಂದು ಬಿಡಬಾರದು, ಆರು ಸಲವಾದರೂ ಸರಿಯಾಗಿ ಬಳಸಿ ನೋಡಿದ ಮೇಲೆ ತೀರ್ಮಾನ. ‘ಮಾತ್ರೆ ಜೇಬಿನಲ್ಲಿಲ್ಲದಿದ್ದರೆ ಆಗುವುದಿಲ್ಲ’ ಎಂಬ ಹೊಸ ನಂಬಿಕೆ ಬೇರೂರದಂತೆ ಪ್ರಮಾಣ ಇಳಿಸುತ್ತ ಬರಬೇಕು.

ಎಲ್ಲಕ್ಕಿಂತ ಮುಖ್ಯ: ಎದೆನೋವಿಗೆ ನಾಲಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಅಥವಾ ಯಾವುದೇ ನೈಟ್ರೇಟ್ ಮಾತ್ರೆ ಬಳಸುವವರು ಇವನ್ನು ಮುಟ್ಟಬಾರದು. ಬಿಪಿ ಕುಸಿದು ಜೀವಕ್ಕೆ ಅಪಾಯ. ಈ ಮಾತ್ರೆ ತೆಗೆದುಕೊಂಡ ಮೇಲೆ ಎದೆನೋವು ಬಂದರೆ, ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಆಸ್ಪತ್ರೆಯಲ್ಲಿ ನಾಚಿಕೆ ಬಿಟ್ಟು ಮೊದಲ ಮಾತಾಗಿ ಇದನ್ನೇ ಹೇಳಬೇಕು. ‘ಗಿಡಮೂಲಿಕೆ’ಯ ಕ್ಯಾಪ್ಸೂಲು ತಿಂದವರೂ ಹೇಳಬೇಕು. ಅಂಥವುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ.

ಇನ್ನು ಜಾಹೀರಾತು. ಧಾತು ಹೋದರೆ ಶಕ್ತಿ ಹೋಯಿತೆಂಬ ಭಯಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯದ ಬಹುಭಾಗ ವೀರ್ಯಕೋಶ, ಪ್ರಾಸ್ಟೇಟ್ ಗ್ರಂಥಿಗಳ ದ್ರವ. ಹೋದದ್ದು ಮತ್ತೆ ತುಂಬುತ್ತದೆ, ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಎಂಬ ಲೆಕ್ಕ ಸುಳ್ಳು. ಈ ಭಯವನ್ನೇ ಬಂಡವಾಳ ಮಾಡಿಕೊಂಡ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಡ್ಡ ನಿಂತಿದೆ. ಅದರ ಮೂರನೆಯ ಕಲಂ ಲೈಂಗಿಕ ಸಾಮರ್ಥ್ಯ ಹೆಚ್ಚಿಸುವ ಔಷಧದ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಭಾಗಿಯಾಗಬಾರದು ಎನ್ನುತ್ತದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ತಮ್ಮ ಜಾಹೀರಾತು ವಿಭಾಗದವರು ಇದನ್ನು ಓದಿ ಮುಖ ಕಿವಿಚಿದರೆ ನಮ್ಮ ಪರವಾಗಿ ಒಂದು ಚಹಾ ಕೊಡಿಸಿ. ಆದರೆ ಆ ಕಾಲಂ ನಿಲ್ಲಲಿ, ಅದೇ ಜಾಗದಲ್ಲಿ ವರ್ಷಕ್ಕೆ ಎರಡು ಸಲವಾದರೂ ಐದು ಪ್ರಶ್ನೆಗಳ ಆ ಹಾಳೆಯನ್ನು ಕನ್ನಡದಲ್ಲಿ ಅಚ್ಚುಮಾಡಿ.

ಎಲ್ಲಿಗೆ ಹೋಗುವುದು ಎಂದು ಕೇಳುವವರಿಗೆ: ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಜೀವನಶೈಲಿ ರೋಗಗಳ ಕ್ಲಿನಿಕ್ ಇರುತ್ತದೆ. ಕೌಂಟರಿನಲ್ಲಿ ಹತ್ತು ಜನರೆದುರು ವಿಷಯ ಹೇಳಬೇಕಾಗಿಲ್ಲ, ‘ಶುಗರ್, ಬಿಪಿ ನೋಡಿಸಬೇಕು’ ಎಂದು ಚೀಟಿ ಬರೆಸಿದರೆ ಸಾಕು. ಒಳಗೆ ವೈದ್ಯರಿಗೆ ಮಲಯಾಳದಲ್ಲಿ ಹೇಳಲು ನಾಲಗೆ ತಿರುಗದಿದ್ದರೆ ಮೂರು ಸಾಲು ಬರೆದುಕೊಂಡು ಹೋಗಿ: ಯಾವಾಗಿನಿಂದ, ಮುಂಜಾನೆ ಆಗುತ್ತದೆಯೇ, ಯಾವ ಮಾತ್ರೆಗಳನ್ನು ತಿನ್ನುತ್ತಿದ್ದೀರಿ. ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡುವವರು ಭಾಷೆ ಆರಿಸುವಾಗ ಕನ್ನಡವನ್ನು ಆರಿಸಿಕೊಳ್ಳಬಹುದು, ಕರೆಗೆ ಹಣವಿಲ್ಲ.

— ಕಾಸರಗೋಡು ಜಿಲ್ಲೆಯ ಕೆಲವು ವೈದ್ಯರು ಮತ್ತು ಆಪ್ತಸಮಾಲೋಚಕರು